ಟೇಸ್ಟರರ ಅಂಗುಳು, ನಮ್ಮಾಕೆಯ ಪದರ

ಹಲ್ಲು ಕಟ್ಟುವವರ ಅಂಗಡಿಯಲ್ಲಿ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಕಷ್ಟ ಏನೆಂದರೆ, ಬಾಯ್ತುಂಬ ನಗಲು ಗಿರಾಕಿಗೆ ಹಲ್ಲಿರುವುದಿಲ್ಲ. ಹಾಗಾಗಿ ಅವರ ಪಾಲಿನದನ್ನೂ ನಾನೇ ನಕ್ಕು ಮುಗಿಸುತ್ತೇನೆ.

ನಮ್ಮ ಲ್ಯಾಬ್ ಇರುವುದು ಬಣಕಲ್ಲಿನ ರಸ್ತೆ ಬದಿಯಲ್ಲಿ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾವು ಹಲ್ಲಿನ ಸೆಟ್ ಮಾಡಿ ಕೊಡುತ್ತೇವೆ. ನಾವು ಎಂದರೆ ನಾನು ಮತ್ತು ನನ್ನ ಹೆಂಡತಿ. ಮೊದಲೆಲ್ಲ ನಾನೇ ಮೇಣ ಕೊರೆದು, ಅಚ್ಚು ಹಾಕಿ ಮಾಡುತ್ತಿದ್ದೆ. ಈಗ ಅವಳು ಒಂದು ಪ್ರಿಂಟರ್ ತರಿಸಿದ್ದಾಳೆ. ಅದರ ತೊಟ್ಟಿಯಲ್ಲಿ ರೆಸಿನ್ ಎಂಬ ಅಂಟು ದ್ರವ. ಬೆಳಕು ಬಿದ್ದಲ್ಲೆಲ್ಲ ಅದು ಗಟ್ಟಿಯಾಗುತ್ತದೆ. ಹೀಗೆ ಪದರಕ್ಕೆ ಪದರ ಅಂಟಿಕೊಂಡು ಒಂದು ಸೆಟ್ ತಯಾರಾಗುತ್ತದೆ. ಮಿಷನ್ನನ್ನು ನಾನು ನಂಬಿರಲಿಲ್ಲ. ಅವಳನ್ನು ನಂಬಿದ್ದೆ, ಆದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಅಮೃತ

ಕಾಫಿ ಹಣ್ಣು ಕೆಂಪಾಗುತ್ತಿದ್ದ ದಿನಗಳಲ್ಲಿ ಚಿಕ್ಕಮಗಳೂರಿನಿಂದ ಟೇಸ್ಟರ್ ಒಬ್ಬರು ಬಂದರು. ಕಾಫಿಯನ್ನು ಚಮಚದಿಂದ ಸುರ್ರ್ ಎಂದು ಎಳೆದು, ರುಚಿ ಹೇಳಿ, ಉಗಿಯುವುದು ಅವರ ಕೆಲಸ. ಅವರು ಒಂದು ಮಾತು ಹೇಳಿದರೆ ಲೋಡುಗಟ್ಟಲೆ ಕಾಫಿ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಅವರ ಮೇಲಿನ ಸೆಟ್ಟನ್ನು ಹಿಂದಿನ ಮಳೆಗಾಲದಲ್ಲಿ ನಾನೇ ಕೈಯಾರೆ ಮಾಡಿಕೊಟ್ಟಿದ್ದೆ.

"ಸೆಟ್ ಗಟ್ಟಿ ಇದೆ, ಬೀಳೂದಿಲ್ಲ, ನಿಮ್ಮ ಕೆಲಸಕ್ಕೆ ಹೆಸರಿಡ್ಲಿಕ್ಕಿಲ್ಲ" ಎಂದರು. "ಆದ್ರೆ ಅಂಗುಳಿಗೆ ಇಷ್ಟು ದಪ್ಪದ ಪ್ಲೇಟು ಕೂತ್ರೆ ರುಚಿ ಎಲ್ಲಿ ಗೊತ್ತಾಗ್ತದೆ ಮಾರಾಯ್ರೆ? ರೈನ್‌ಕೋಟ್ ಹಾಕ್ಕೊಂಡು ಸ್ನಾನ ಮಾಡಿದ ಹಾಗೆ. ಹೊಸ ಬೆಳೆ ಬರೂದ್ರೊಳಗೆ ಇದು ಸರಿಯಾಗ್ದಿದ್ರೆ ನನ್ನನ್ನು ಗೋಡೌನಿಗೆ ಹಾಕ್ತಾರೆ, ಚೀಲ ಕಾಯ್ಲಿಕ್ಕೆ."

ಹೇಳುವಾಗ ಅವರ ದನಿ ಸಣ್ಣಗಾಯಿತು. ಸಮಾಧಾನಕ್ಕೆ ನಾನು ಕಾಫಿ ಮಾಡಿ ತಂದೆ. ನಮ್ಮಲ್ಲಿ ಕಾಫಿ ನನ್ನದೇ ಖಾತೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ನುಗಳನ್ನು ರಿಪೇರಿ ಮಾಡುವ ಪಕ್ಕದ ವರ್ಕ್‌ಶಾಪಿನ ಭಾಯಿಯೂ ದಿನಾ ಹನ್ನೊಂದು ಗಂಟೆಗೆ ಬಂದು ನನ್ನ ಕಾಫಿಯನ್ನೇ ಕುಡಿಯುವುದು.

ಟೇಸ್ಟರು ಒಂದು ಗುಟುಕು ಎಳೆದು, "ಆಹಾ, ಅಮೃತ" ಎಂದರು. ನಾನು ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಅವರು ಹೋದ ಮೇಲೆ ಅವಳು ಕೆನ್ನೆಗೆ ಕೈಯಿಟ್ಟು ಕೂತಳು. "ಪಾಪ ರೀ, ಅವ್ರ ನಾಲಿಗೆ ಪೂರ್ತಿ ಹೋಗಿದೆ."

"ಅವರ ಬಾಯಿ ನೋಡದೆ ಅದು ನಿನಗೆ ಹೇಗೆ ಗೊತ್ತಾಯ್ತು?"

"ನಿಮ್ಮ ಕಾಫಿನ ಅಮೃತ ಅಂದ್ರಲ್ಲ!"

ಬೆಳಗಿನ ರೊಬಸ್ಟಾ

ನಾನು ಕೈಯಲ್ಲಿ ಮಾಡುವುದರ ಅರ್ಧ ದಪ್ಪದಲ್ಲಿ ಅವಳು ಪ್ಲೇಟು ಪ್ರಿಂಟ್ ಮಾಡಿದಳು. ಬೆಳಕಿಗೆ ಹಿಡಿದರೆ ಬೆರಳು ಕಾಣುತ್ತಿತ್ತು. ಟೇಸ್ಟರು ಖುಷಿಯಿಂದ ಹಾಕಿಕೊಂಡು ಹೋದವರು ಆ ವಾರವೇ ವಾಪಸ್ ಬಂದರು.

"ರುಚಿ ಬರ್ತಾ ಇಲ್ವಾ?" ಎಂದು ಅವಳು ಕೇಳಿದಳು.

"ಬರ್ತದೆ ಅಮ್ಮ, ಬೇಕಾದ್ದಕ್ಕಿಂತ ಜಾಸ್ತಿನೇ ಬರ್ತದೆ. ಬೆಳಿಗ್ಗೆ ಕುಡಿದ ರೊಬಸ್ಟಾ ಕಾಫಿಯ ರುಚಿ ಮಧ್ಯಾಹ್ನದ ಅರೇಬಿಕಾ ಕಾಫಿಯಲ್ಲೂ ಬರ್ತದೆ."

ಅವಳು ಪ್ಲೇಟನ್ನು ಭೂತಗನ್ನಡಿಯಲ್ಲಿ ನೋಡಿ ನನಗೂ ತೋರಿಸಿದಳು. ಪದರ ಪದರದ ನಡುವೆ ಸಣ್ಣ ಮೆಟ್ಟಿಲು, ಮೆಟ್ಟಿಲ ಸಂದಿಯಲ್ಲೆಲ್ಲ ಕಾಫಿ. ಉಜ್ಜಿ ನುಣ್ಣಗೆ ಮಾಡಿಬಿಡೋಣ ಎಂದೆ, ನನ್ನ ಇಡೀ ವೃತ್ತಿಯೇ ಉಜ್ಜುವುದು. "ಇಷ್ಟು ತೆಳು ಪ್ಲೇಟನ್ನ ಉಜ್ಜಿದ್ರೆ ಅಳತೆ ತಪ್ತದೆ. ಮೆಟ್ಟಿಲು ಹುಟ್ಟದ ಹಾಗೇ ಮಾಡ್ಬೇಕು" ಎಂದಳು. ಪದರದ ದಪ್ಪವನ್ನು ಅರ್ಧಕ್ಕಿಳಿಸಿದಳು, ಪ್ರಿಂಟಿನ ಹೊತ್ತು ಎರಡರಷ್ಟಾಯಿತು. ಊಟ ತಿಂಡಿ ಮರೆತು ಮಿಷನ್ ಮುಂದೆ ಕೂತಿರುತ್ತಿದ್ದಳು. ಇಷ್ಟು ಹಟ ನನಗೆ ಯಾವ ಜನ್ಮಕ್ಕೂ ಬರುವುದಲ್ಲ.

ಹೊಸದನ್ನು ಹಾಕಿ ನೋಡಲು ಬಂದ ಟೇಸ್ಟರು ನನ್ನ ಕಾಫಿ ಕುಡಿದು, "ಹೂಂ, ಪರವಾಗಿಲ್ಲ" ಎಂದರು.

ನನ್ನ ಮುಖ ಇಳಿಯಿತು. ಅವಳ ಮುಖ ಅರಳಿತು. "ಅಮೃತದಿಂದ ಪರವಾಗಿಲ್ಲಕ್ಕೆ ಬಂದಿದೆ ರೀ, ದಾರಿ ಸರಿ ಇದೆ!"

ಕೊಬ್ಬರಿ ಎಣ್ಣೆ

ಚಳಿ ಬಲವಾದಂತೆ ಹೊಸ ಕಾಟ ಶುರುವಾಯಿತು. ರೆಸಿನ್ ಜೇನುತುಪ್ಪದ ಹಾಗೆ ಮಂದವಾಗಿ, ಪದರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಕೂರತೊಡಗಿತು. "ಇದನ್ನ ಸ್ವಲ್ಪ ಬೆಚ್ಚಗೆ ಮಾಡ್ಬೇಕು" ಎಂದವಳೇ ಮೂಡಿಗೆರೆ ಬಸ್ ಹತ್ತಿದಳು, ಹೀಟರ್ ತರಲು.

ಅಷ್ಟಕ್ಕೆ ಹೀಟರ್ ಯಾಕೆ? ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ನಾವು ಏನು ಮಾಡುತ್ತೇವೆ? ಬಿಸಿಲಿಗಿಡುತ್ತೇವೆ. ನಾನು ರೆಸಿನ್ನನ್ನು ಅಗಲವಾದ ಸ್ಟೀಲ್ ತಟ್ಟೆಗೆ ಸುರಿದು, ಬೇಗ ಕಾಯಲಿ ಎಂದು, ಹಿಂಬದಿಯ ಮನೆಯವರು ಕಾಫಿ ಒಣಗಿಸುವ ಕಣದಲ್ಲಿ ಇಟ್ಟೆ. ಆಗಾಗ ಕದಡಲು ಒಂದು ಚಮಚವನ್ನೂ ಹಾಕಿದ್ದೆ.

ಅವಳು ಬರುವ ಹೊತ್ತಿಗೆ ಚಮಚ ಎತ್ತಿದರೆ ತಟ್ಟೆಯೂ ಜೊತೆಗೇ ಎದ್ದು ಬರುತ್ತಿತ್ತು.

"ಬೆಳಕಿಗೆ ಗಟ್ಟಿಯಾಗೋ ವಸ್ತುನ ಬಿಸಿಲಿಗೆ ಇಟ್ರಲ್ಲ ರೀ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಸಡಿನ ಬಣ್ಣದ ಆ ಗುಲಾಬಿ ಹಲಗೆಯನ್ನು ಭಾಯಿ ಎರಡೂ ಕೈಯಲ್ಲಿ ಎತ್ತಿ ನೋಡಿ ಕೇಳಿದರು: "ಅಕ್ಕಾ, ಈ ಸಲ ಎಸ್ಟೇಟಿಗೆ ನುಗ್ಗಿದ ಆನೆಗೆ ಸೆಟ್ ಮಾಡ್ತಾ ಇದೀರಾ?"

ಸದ್ದು ಮಾಡಬೇಡಿ

ಹೀಟರ್ ಬಂತು, ಹೊಸ ರೆಸಿನ್ ಬಂತು, ಪದರಗಳು ಸಮನಾದವು. ಆದರೂ ಒಂದೊಂದು ಸೆಟ್ಟಿನಲ್ಲಿ ಒಂದೊಂದು ಜಾಗದಲ್ಲಿ ಒಂದು ಗೆರೆ. ಅವಳು ಮೇಜಿನ ಮೇಲೆ ಒಂದು ಲೋಟ ನೀರಿಟ್ಟು ಕಾದಳು. ಪಕ್ಕದಲ್ಲಿ ಭಾಯಿಯ ಕಂಪ್ರೆಸರ್ ಗುಡುಗಿದಾಗ ನೀರು ನಡುಗಿತು. ಕಳ್ಳ ಸಿಕ್ಕಿದ. ಆದರೆ ಪಲ್ಪರ್ ಸೀಸನ್ನಿನಲ್ಲಿ ಅವರಿಗೆ ಕೆಲಸ ನಿಲ್ಲಿಸಿ ಎನ್ನುವುದು ಹೇಗೆ?

ವಿಷಯ ಕೇಳಿದ ಭಾಯಿ, "ಒಬ್ಬರ ಅನ್ನದ ಪ್ರಶ್ನೆ ಅಲ್ವಾ ಅಕ್ಕ? ಊಟದಿಂದ ಸಂಜೆವರೆಗೆ ನಾನು ಸ್ಪ್ಯಾನರ್ ಕೂಡ ಕೆಳಗೆ ಹಾಕೂದಿಲ್ಲ" ಎಂದು ಕಂಪ್ರೆಸರ್ ಆರಿಸಿ ಬಾಗಿಲಲ್ಲೇ ಕೂತುಬಿಟ್ಟರು. ಇಂಥ ನೆರೆಯವರು ಸಿಗಲು ಪುಣ್ಯ ಮಾಡಿರಬೇಕು.

ಅಷ್ಟರಲ್ಲಿ ಜಾವಳಿ ಕಡೆಯ ಪ್ಲಾಂಟರ್ ಒಬ್ಬರು ಜೀಪಿನಲ್ಲಿ ಕೆಟ್ಟ ಪಲ್ಪರ್ ಹಾಕಿಕೊಂಡು ಬಂದು ಹಾರ್ನ್ ಹೊಡೆದರು. "ಬೇಗ ರಿಪೇರಿ ಮಾಡು ಮಾರಾಯ, ಕೊಯ್ದ ಹಣ್ಣು ಹಾಗೇ ಬಿದ್ದಿದೆ!"

ಭಾಯಿ ತುಟಿಯ ಮೇಲೆ ಬೆರಳಿಟ್ಟು ನಮ್ಮ ಬಾಗಿಲು ತೋರಿಸಿದರು. "ಮೆಲ್ಲಗೆ ಸಾರ್. ಒಳಗೆ ಹೆರಿಗೆ ಆಗ್ತಾ ಇದೆ."

ಪ್ಲಾಂಟರು ಟೋಪಿ ತೆಗೆದರು. ಜೀಪನ್ನು ತಳ್ಳಿಸಿ ನೆರಳಿಗೆ ಹಾಕಿಸಿದರು. ಸಂಜೆವರೆಗೂ ತುದಿಗಾಲಲ್ಲಿ ಓಡಾಡಿದರು. ಕೊನೆಗೆ ನನ್ನ ಹೆಂಡತಿ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅವರೇ ಓಡಿ ಬಂದು ಪಿಸುಗುಟ್ಟಿದರು: "ಎಂತ ಮಗು?"

ಅವಳ ಅಂಗೈಯಲ್ಲಿದ್ದ ಸೆಟ್ಟನ್ನು ನೋಡಿ ಭಾಯಿ ಹೇಳಿದರು: "ಹಲ್ಲು ಸಮೇತ ಹುಟ್ಟಿದೆ ಸಾರ್!"

ಕೊನೆಯ ಲೋಟ

ಆ ಸೆಟ್ಟಿನಲ್ಲಿ ಗೆರೆ ಇರಲಿಲ್ಲ. ಭೂತಗನ್ನಡಿಯಲ್ಲಿ ಹುಡುಕಿ ಹುಡುಕಿ ನನಗೆ ಕಣ್ಣು ನೋವು ಬಂತೇ ಹೊರತು ಒಂದು ಮೆಟ್ಟಿಲೂ ಸಿಗಲಿಲ್ಲ. ಕೈಕೆಲಸದಲ್ಲಿ ಇದು ನನ್ನಿಂದ ಎಂದೂ ಆಗುತ್ತಿರಲಿಲ್ಲ. ಹಾಗೆಂದು ಅವಳಿಗೆ ಹೇಳಿಯೂ ಬಿಟ್ಟೆ.

ಟೇಸ್ಟರು ಅದನ್ನು ಹಾಕಿಕೊಂಡು ಹೊಸ ಬೆಳೆಯ ರುಚಿ ನೋಡಲು ಕೂತ ದಿನ ನಾವು ರಸ್ತೆಯನ್ನೇ ನೋಡುತ್ತಿದ್ದೆವು. ಸಂಜೆ ಬಸ್ಸಿನಿಂದ ಅವರು ಇಳಿದು ನೇರ ನಮ್ಮಲ್ಲಿಗೇ ಬಂದರು. ಮುಖದಲ್ಲಿ ಏನೂ ಗೊತ್ತಾಗುವಂತಿರಲಿಲ್ಲ. ಏನಾಯ್ತು ಎಂದು ಕೇಳುವ ಬದಲು ನಾನು ಕಾಫಿ ತಂದು ಅವರಿಗೂ, ಅವರ ಹಿಂದೆಯೇ ಬಂದ ಭಾಯಿಗೂ ಕೊಟ್ಟೆ.

ಟೇಸ್ಟರು ಸುರ್ರ್ ಎಂದು ಎಳೆದರು. ಕಣ್ಣು ಮುಚ್ಚಿದರು. ಎದ್ದು ಹೋಗಿ ಚರಂಡಿಗೆ ಉಗಿದು ಬಂದರು.

"ಪುಡಿ ಹಳೇದು" ಎಂದರು. "ಚಿಕೋರಿ ಅರ್ಧಕ್ಕರ್ಧ. ಡಿಕಾಕ್ಷನ್ ಬೆಳಗಿನದು, ಮತ್ತೆ ಕುದಿಸಿದ್ದು. ಹಾಲು ತಳ ಹಿಡಿದಿದೆ. ಆ ತಳ ಹಿಡಿದ ವಾಸನೆ ಗೊತ್ತಾಗ್ಬಾರ್ದು ಅಂತ ಏಲಕ್ಕಿ ಹಾಕಿದೀರಿ."

ಒಂದೂ ಸುಳ್ಳಲ್ಲ.

ನನ್ನ ಹೆಂಡತಿ ಎರಡೂ ಕೈ ತಟ್ಟಿ, "ಸರಿಯಾಯ್ತು! ನಾಲಿಗೆ ಬಂತು!" ಎಂದು ಕೂಗಿದಳು. ಅವಳ ಕಣ್ಣಲ್ಲಿ ನೀರು. ಟೇಸ್ಟರೂ ನಗುತ್ತ ಕಣ್ಣೊರೆಸಿಕೊಂಡು, "ಬೆಳಿಗ್ಗೆ ಒಂದು ಲಾಟಿನ ಕಾಫಿ ಕುಡಿದು, ಇದನ್ನ ಮೆಣಸಿನ ಪಕ್ಕ ಒಣಗಿಸಿದಾರೆ ಅಂದೆ ಅಮ್ಮ. ಕೇಳಿ ನೋಡಿದ್ರೆ ಹೌದಂತೆ. ಚೀಲ ಕಾಯ್ಲಿಕ್ಕೆ ಬೇರೆ ಯಾರನ್ನಾದ್ರೂ ಹುಡುಕಿಕೊಳ್ಳಲಿ" ಎಂದರು.

ನನ್ನ ಕಾಫಿಯ ಮಾನ ಹೋದರೂ ನನಗೆ ಹೆಮ್ಮೆಯಿಂದ ಎದೆ ತುಂಬಿತ್ತು. ಅವಳ ಬೆನ್ನು ತಟ್ಟೋಣವೆಂದು ತಿರುಗಿದರೆ, ಭಾಯಿ ತಮ್ಮ ಲೋಟವನ್ನು ಮೆಲ್ಲಗೆ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದರು.

"ಎಂತ ಭಾಯಿ, ನೀವೂನಾ?" ಎಂದೆ.

"ಕ್ಷಮಿಸಿ ಮಾರಾಯ್ರೆ" ಎಂದರು ಅವರು, ಭಾರ ಇಳಿಸಿದವರ ಹಾಗೆ ಉಸಿರು ಬಿಟ್ಟು. "ಇಷ್ಟು ವರ್ಷ ನನ್ನ ನಾಲಿಗೆನೇ ಸರಿ ಇಲ್ಲ ಅಂದ್ಕೊಂಡು, ಎರಡು ಸಲ ಡಾಕ್ಟರ ಹತ್ರ ಹೋಗಿ ಬಂದಿದ್ದೆ!"