ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಕೂತು ಕಂಡದ್ದು

ಓದಿದವರು ನಾಲ್ಕು ಮಂದಿ ಕೂಡಿದಲ್ಲಿ ನಗೆಪಾಟಲಿಗೆ ಬರ ಅನ್ನೂದು ಇಲ್ಲ. ನಾನು ಎರಡನೇ ಕ್ಲಾಸಿಗೇ ಸಾಲಿ ಬಿಟ್ಟವಳು. ಎಂಬತ್ತರ ದಶಕದ ಕೊನೆಗೆ ರಾಯಚೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಯಾ ಆಗಿದ್ದೆ. ಧೂಳು ಹೊಕ್ಕರೆ ಕಂಪ್ಯೂಟರ್ ಕೆಡುತ್ತದೆ ಅಂತ ಆ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿ ನನ್ನನ್ನು ಕೂಡಿಸಿದ್ದರು. ಬಂದವರಿಗೆಲ್ಲ ನನ್ನದು ಒಂದೇ ಮಾತು: "ಚಪ್ಪಲಿ ಹೊರಗ ಬಿಡ್ರಿ!" ಒಳಗಿನ ಸುದ್ದಿಯೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

೧. ಪಾಲು

ಹೊಸದಾಗಿ ಬಂದ ಸರ್ ಒಬ್ಬರು ಹುಡುಗರಿಗೆ ಹೇಳಿದರು: "ದೊಡ್ಡ ಪ್ರೋಗ್ರಾಮು ಒಬ್ಬರಿಂದ ಆಗಲ್ಲ. ಮೂವರು ಸೇರಿ ಮಾಡಿ. ಕೆಲಸ ಹಂಚಿಕೊಳ್ಳಿ. ಯಾರು ಏನು ಮಾಡಿದರೋ ಅದಕ್ಕೇ ಮಾರ್ಕು."

ಒಂದು ಗುಂಪಿನಲ್ಲಿ ರಾಯಚೂರಿನ ಅಕ್ಕಿ ಗಿರಣಿ ಸಾಹುಕಾರರ ಮಗ, ದೇವದುರ್ಗದ ಹುಡುಗ, ಮಾನ್ವಿಯ ಹುಡುಗಿ. ಬಸ್ಸಿನ ವೇಳೆ ಹೇಳುವ ಪ್ರೋಗ್ರಾಮು ಇವರ ಪಾಲಿಗೆ ಬಂತು. ಹಂಚಿಕೊಳ್ಳಿ ಅಂದದ್ದೇ ತಡ, ಗಿರಣಿಯ ಮಗ ಕ್ಯಾಂಟೀನಿನಲ್ಲಿ ಚೀಟಿ ಎತ್ತಿಸಿದ. "ನಮ್ಮ ಮನ್ಯಾಗ ಹೊಲ ಹಂಚಿದ್ದೂ ಹಿಂಗ" ಅಂದ. ಎಲ್ಲಕ್ಕಿಂತ ಹಗುರ ಕೆಲಸದ ಚೀಟಿಯ ಮೂಲೆ ಮಡಚಿ ತಾನೇ ಎತ್ತಿಕೊಂಡದ್ದನ್ನು ಚಹಾಕ್ಕೆ ಹೋದ ನಾನು ಕಣ್ಣಾರೆ ಕಂಡೆ. ಕಳ್ಳ!

ಹುಡುಗಿ ದೇವದುರ್ಗದವನಿಗೆ, "ಅಣ್ಣಾ, ನಿಂದು ತೋರಸು, ನನ್ನದಕ್ಕ ಕೂಡಬೇಕಲ್ಲ?" ಅಂದರೆ ಅವನು, "ನಿನ್ನ ಪಾಲು ನೀ ನೋಡ್ಕೋ. ನನ್ನ ಬದು ದಾಟಬ್ಯಾಡ" ಅಂದ.

ಸರ್ ಹಣೆ ಬಡಿದುಕೊಂಡರು. ನಾನಂದೆ, "ಹೊಲಾನ ಆಗಿದ್ರ ಇಷ್ಟೊತ್ತಿಗೆ ಕೋರ್ಟು ಮುಟ್ಟಿರ್ತಿದ್ರು, ಬಿಡ್ರೀ ಸರ."

೨. ಗಬ್ಬೂರು ಬಸ್ಸು

ಪಾಲುಗಳನ್ನು ಕೂಡಿಸುವ ದಿನ ಬಂತು. ಬಸ್ಸು ಹೊರಡುವ ವೇಳೆ ಸಂಜೆ ಐದು; ಅದನ್ನು ಹುಡುಗಿ ರೈಲ್ವೆ ಗಡಿಯಾರದಂತೆ ಹದಿನೇಳು ಅಂತ ಬರೆದಿದ್ದಳು. ಮುಟ್ಟುವ ವೇಳೆ ಸಂಜೆ ಆರು; ಅದನ್ನು ದೇವದುರ್ಗದವನು ಸುಮ್ಮನೆ ಆರು ಅಂತ ಬರೆದಿದ್ದ. ಕೇಳಿಕೊಳ್ಳಲಿಕ್ಕೆ ಇಬ್ಬರ ನಡುವೆ ಮಾತೇ ಇರಲಿಲ್ಲವಲ್ಲ!

ಸರ್ ಕೂಗಿದರು: "ಹೊರಡೋದಕ್ಕಿಂತ ಹನ್ನೊಂದು ತಾಸು ಮೊದಲೇ ಗಬ್ಬೂರು ಮುಟ್ಟಿದೆಯಲ್ಲಯ್ಯಾ ನಿಮ್ಮ ಬಸ್ಸು!"

ಗಬ್ಬೂರು ನನ್ನ ತವರು. ಆ ಬಸ್ಸಿಗೆ ಕಾದು ಕಾದು ನನ್ನ ಅರ್ಧ ಆಯುಷ್ಯ ಹೋಗಿದೆ. "ಇವರ ಬಸ್ಸಿನಾಗ ನನ್ನ ಕುಂದರಸ್ರೀ ಸರ," ಅಂದೆ, "ಟಿಕೀಟು ತೊಗೊಳ್ಳೂದ್ರಾಗ ತವರಿನಾಗ ಉಂಡು ಬರ್ತೀನಿ."

ದೇವದುರ್ಗದವನು ನಾಚಿಕೊಂಡ. ಮಾರನೇ ದಿನದಿಂದ ಹುಡುಗಿಯ ಜೊತೆ ಕೂತು ತಿದ್ದಿದ. ಗಿರಣಿಯ ಮಗ ಮಾತ್ರ ಒಂದು ದಿನವೂ ಕೋಣೆಯ ಹೊಸ್ತಿಲ ಹತ್ತಿರ ಸುಳಿಯಲಿಲ್ಲ. ಅವನ ಪಾಲನ್ನೂ ಹುಡುಗಿಯೇ ಬರೆದಳು.

೩. ಎರಡು ಫ್ಯಾನು

ಪರೀಕ್ಷೆ ಹತ್ತಿರ ಬಂದಾಗ ಗಿರಣಿಯ ಮಗ ರಿಪೋರ್ಟು ಅಚ್ಚು ಹಾಕಿಸಿದ. ಮೇಲೆ ತನ್ನ ಹೆಸರು ದಪ್ಪಕ್ಷರದಲ್ಲಿ. ನಡುವೆ ಸಣ್ಣದಾಗಿ ದೇವದುರ್ಗದವನದು. ಕೆಳಗೆ ಹುಡುಗಿಯ ಹೆಸರು, ಮುಂದೆ 'ಟೈಪಿಂಗ್ ಸಹಾಯ'! ಟೈಪು ಮಾಡಿದವಳಿಗೆ ಯಾರು ಮಾರ್ಕು ಕೊಡ್ತಾರ? ಅವಳು ಫೇಲೇ.

ಸರ್ ಪ್ರಿನ್ಸಿಪಾಲರ ಹತ್ತಿರ ಜಗಳಕ್ಕೆ ಹೋದರು. "ಅವರಪ್ಪ ಕಾಲೇಜಿಗೆ ಎರಡು ಫ್ಯಾನು ಕೊಟ್ಟಾರ್ರೀ. ಸುಮ್ಮನಿರ್ರಿ" ಅಂದರಂತೆ ಪ್ರಿನ್ಸಿಪಾಲರು.

ಆ ಎರಡರಲ್ಲಿ ಒಂದು ತಿರುಗುತ್ತಿರಲಿಲ್ಲ. ಥೇಟ್ ಕೊಟ್ಟವರ ಮಗ.

ಹುಡುಗಿ ಅಳಲಿಲ್ಲ. ಪ್ರೋಗ್ರಾಮು ಇದ್ದ ಫ್ಲಾಪಿಯನ್ನು ಮಿಷನ್ನಿಗೆ ಹಾಕಿ, ಮುಂದೆ ಕೂತು ಏನೋ ಕುಟ್ಟಿದಳು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, "ಯವ್ವಾ, ನಿನ್ನೂ ಪ್ರೋಗ್ರಾಮಿನಾಗ ಸೇರಿಸೀನಿ" ಅಂದಳು. ನನಗೆ ತಿಳಿಯಲಿಲ್ಲ. ಮರುದಿನ ಗಿರಣಿಯ ಮಗ ಜವಾನನ ಕಡೆಯಿಂದ ಆ ಫ್ಲಾಪಿಯನ್ನೂ ತರಿಸಿಕೊಂಡ.

೪. ಬೂಟು

ಪರೀಕ್ಷೆಗೆ ಹೊರಗಿನಿಂದ ದೊಡ್ಡ ಸಾಹೇಬರು ಬಂದರು. ನಾನು ಬಿಡಲಿಲ್ಲ. "ಚಪ್ಪಲಿ ಹೊರಗ ಬಿಡ್ರಿ!" ಪಾಪ, ಬೆಚ್ಚಿಬಿದ್ದು ಬೂಟು ಬಿಚ್ಚಿದರು. ಪ್ರಿನ್ಸಿಪಾಲರು ಗಿರಣಿಯ ಮಗನನ್ನು ಕರೆದುಕೊಂಡು ಹಿಂದಿನ ಬಾಗಿಲಿಂದ ಒಳಗೆ ಬಂದರು.

"ಆರು ತಿಂಗಳು ಈ ಕೋಣಿ ಬಿಟ್ಟು ಅಲ್ಲಾಡಿಲ್ರೀ ಸರ. ಎಲ್ಲಾ ನಾನ ಮಾಡೀನಿ" ಅಂದ ಹುಡುಗ. ಫ್ಲಾಪಿ ಹಾಕಿದ. ಪರದೆಯ ಮೇಲೆ ಬಸ್ಸು ಬರಲಿಲ್ಲ, ಒಂದು ಪ್ರಶ್ನೆ ಬಂತು. ಸಾಹೇಬರು ಗಟ್ಟಿಯಾಗಿ ಓದಿದರು: "ಬಾಗಿಲಲ್ಲಿ ಆಯಾ ಏನಂತಾಳೆ?"

ಅವನು 'ನಮಸ್ಕಾರ' ಅಂತ ಕುಟ್ಟಿದ. ತಪ್ಪು. 'ಒಳಗ ಬರ್ರಿ' ಅಂತ ಕುಟ್ಟಿದ. ತಪ್ಪು. ನಾನು ಯಾವಾಗ ಯಾರಿಗೆ ಒಳಗ ಬರ್ರಿ ಅಂದೀನಿ?

"ಸರಿಯಪ್ಪಾ, ನಾನು ನೋಡ್ತೀನಿ" ಅಂದು ಸಾಹೇಬರು ಒಂದೇ ಬೆರಳಿನಲ್ಲಿ ನನ್ನ ಮಾತು ಕುಟ್ಟಿದರು. ರಾಯಚೂರು, ಮಾನ್ವಿ, ದೇವದುರ್ಗ, ಎಲ್ಲಾ ಬಸ್ಸು ಸಾಲಾಗಿ ಬಂದವು!

ಸಾಹೇಬರು ತಮ್ಮ ಸಾಕ್ಸು ನೋಡಿಕೊಂಡರು. ಹುಡುಗಿಯ ಬರಿಗಾಲು ನೋಡಿದರು. ಆಮೇಲೆ ಗಿರಣಿಯ ಮಗನ ಮಿರಮಿರ ಮಿಂಚುವ ಬೂಟು. "ಹತ್ತು ನಿಮಿಷದ ಹಿಂದೆ ಬಂದ ನನಗೆ ಗೊತ್ತಿದ್ದದ್ದು ಆರು ತಿಂಗಳು ಕೂತ ನಿನಗೆ ಗೊತ್ತಿಲ್ಲವೇನಪ್ಪಾ?"

ಹುಡುಗಿ ಮುಂದೆ ಬಂದು ಎಲ್ಲ ಬಿಡಿಸಿ ಹೇಳಿದಳು. ಪಾಸಾದಳು, ಅದೂ ಎಲ್ಲರಿಗಿಂತ ಮೇಲೆ. ದೇವದುರ್ಗದವನೂ ಪಾಸಾದ. ಗಿರಣಿಯ ಮಗನಿಗೆ ಮುಂದಿನ ವರ್ಷ ಬಾ ಅಂದರು.

ಈ ಗದ್ದಲದಲ್ಲಿ ಪ್ರಿನ್ಸಿಪಾಲರು ಎಲ್ಲಿ ಹೋದರು ಅಂತ ತಿರುಗಿ ನೋಡಿದೆ. ನನ್ನ ಸ್ಟೂಲಿನ ಹಿಂದೆ ಬಗ್ಗಿ ಕೂತು, ಯಾರಿಗೂ ಕಾಣದಂತೆ ಬೂಟಿನ ಲೇಸು ಬಿಚ್ಚಾಕತ್ತಿದ್ದರು.