ತಂಪಿಗೆ ಹಾಕಿದ ಚಪ್ಪರ

ಬಿಸಿಲನ್ನು ಮನೆಯಿಂದ ಹೊರಗಿಡುವುದು ಹೇಗೆ ಎಂಬುದನ್ನು ಇಡೀ ನ್ಯಾಮತಿಯಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಕಪ್ಪು ಬಣ್ಣ ಶಾಖವನ್ನು ಹೀರುತ್ತದೆ, ಬಿಳಿ ಬಣ್ಣ ಹಿಂದಕ್ಕೆ ಕಳಿಸುತ್ತದೆ ಎಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದು ಒರೆಸಿದವನು. ಇಂಥವನ ಮನೆಯೇ ಕಾದ ಕಾವಲಿಯಾಗಿ ಹೆಂಡತಿ ತವರಿಗೆ ಹೊರಟುಹೋದಳು ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಬೀದಿಯವರು ಕೂಡಲೇ ನಂಬಿದರು.

ತಪ್ಪು ನನ್ನದಲ್ಲ, ತಾರಸಿಯದು. ಬೆಳಗಿನಿಂದ ಕುಡಿದ ಬಿಸಿಲನ್ನೆಲ್ಲ ಅದು ಸಂಜೆ ನಮ್ಮ ತಲೆಯ ಮೇಲೆ ಇಳಿಸುತ್ತಿತ್ತು. ಸರೋಜಾ ಕೂಲರ್ ತನ್ನಿ ಎಂದಳು. ಕರೆಂಟು ದಂಡ ಎಂದೆ. ಹೋಗಲಿ, ಫ್ಯಾನನ್ನಾದರೂ ಹಾಕಿ ಎಂದಳು. ಒಬ್ಬರೇ ಕೂತಾಗ ಫ್ಯಾನು ಬೇಡ, ಇಬ್ಬರೂ ಕೂತಾಗ ಹಾಕೋಣ ಎಂದು ಕಾನೂನು ಮಾಡಿದೆ. ದೇಶದ ವಿದ್ಯುತ್ತನ್ನು ಉಳಿಸುವ ಹೊಣೆಯನ್ನು ಯಾರಾದರೂ ಹೊರಬೇಕಲ್ಲ! ಅವಳು ಚೀಲ ತುಂಬಿದಳು.

"ಜಗಳೂರಿಗೆ ಹೊಂಟೀನಿ, ಅಣ್ಣನ ಮನೀಗೆ."

"ಲೇ, ಜಗಳೂರಾಗೆ ಇಲ್ಲಿಗಿಂತ ಬಿಸಿಲು ಕಣೇ!"

"ಇರ್ಲಿ ಬಿಡ್ರಿ. ಅಲ್ಲಿ ಬರೀ ಬಿಸಿಲು ಐತೆ. ಇಲ್ಲಿ ಬಿಸಿಲೂ ಐತೆ, ನೀವೂ ಇದೀರಿ. ಮಳೆ ಬಿದ್ದ ಮ್ಯಾಲೆ ಬರ್ತೀನಿ."

ಮೊದಲ ದಿನ ರಾಜನಂತೆ ಕಾಲು ಚಾಚಿ ಮಲಗಿದೆ. ಮರುದಿನ ನಲ್ಲಿಯಲ್ಲಿ ನೀರು ಬಂದಾಗ "ಲೇ, ನೀರು ಬಂತು!" ಎಂದು ಕೂಗಿದೆ. ಯಾರೂ ಓಡಿಬರಲಿಲ್ಲ. ಉಪ್ಪಿಟ್ಟು ಮಾಡಿದರೆ ಕೈ ತಾನಾಗಿಯೇ ಇಬ್ಬರಿಗಾಗುವಷ್ಟು ರವೆ ಹಾಕುತ್ತಿತ್ತು. ಮಧ್ಯಾಹ್ನಕ್ಕೂ ಅದನ್ನೇ ನುಂಗುತ್ತಿದ್ದೆ. ಶಾಲೆಗೆ ರಜೆ, ಗದರಿಸೋಣವೆಂದರೆ ಹುಡುಗರೂ ಇಲ್ಲ. ಫೋನು ಮಾಡಿದರೆ "ಊಟ ಆತಾ?" "ಆತು." ಮುಗಿಯಿತು. ಮೇಲಾಗಿ ನಾನು ಒಬ್ಬನೇ ಆದದ್ದರಿಂದ, ನನ್ನದೇ ಕಾನೂನಿನ ಪ್ರಕಾರ ಫ್ಯಾನೂ ಹಾಕುವಂತಿರಲಿಲ್ಲ! ಸುಳ್ಳೇಕೆ ಹೇಳಲಿ, ಅವಳಿಲ್ಲದ ಮನೆ ನನಗೆ ಬೇಡವಾಗಿತ್ತು. ಮಳೆ ಬೀಳುವ ತನಕ ಕಾಯುವ ತ್ರಾಣ ಇರಲಿಲ್ಲ. ಮನೆಯನ್ನು ತಂಪು ಮಾಡಿ ಅವಳನ್ನು ಕರೆಸಿಕೊಳ್ಳುವುದೆಂದು ತೀರ್ಮಾನಿಸಿದೆ. ಅದೂ ಹೆಚ್ಚಿಗೆ ಕರೆಂಟು ಸುಡದೆ!

ಮೊದಲು ತಾರಸಿಗೆ ಸುಣ್ಣ. ಬಳಿಯುತ್ತ ಬಳಿಯುತ್ತ ಹಿಂದಕ್ಕೆ ಸರಿದೆ, ಬಕೆಟ್ಟಿಗೆ ಕಾಲು ತಗುಲಿತು, ಅರ್ಧ ಸುಣ್ಣ ಮುಂಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ಇಳಿಯಿತು. ಸರಿ, ಇಡೀ ಗೋಡೆಗೇ ಬಳಿದೆ. ಬುಡಕ್ಕೆ ಸಿಡಿದ ಕಲೆಯನ್ನು ಮುಚ್ಚಲು ಉದ್ದಕ್ಕೂ ಕೆಮ್ಮಣ್ಣಿನ ಪಟ್ಟಿ ಎಳೆದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಆ ಗೋಡೆಗೇ ಬಡಿಯುತ್ತದೆ. ಆದ್ದರಿಂದ ಅಂಗಳದಲ್ಲಿ ಬಿದಿರಿನ ಗಳ ನೆಟ್ಟು, ತೆಂಗಿನ ಗರಿ ಹೊದಿಸಿ ನೆರಳು ಮಾಡಿದೆ. ಬಾಗಿಲ ಬಳಿ ಹಸಿರಿದ್ದರೆ ಒಳಬರುವ ಗಾಳಿ ತಂಪು ಎಂಬುದು ವಿಜ್ಞಾನ. ಎರಡು ಬಾಳೆಕಂದು ತಂದು ಬಾಗಿಲ ಆ ಕಡೆ ಒಂದು, ಈ ಕಡೆ ಒಂದು ನೆಟ್ಟೆ. ಒಳಗೆ ಹೋಗಿ ಕೂತರೆ ನಿಜಕ್ಕೂ ತಂಪು! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ತಟ್ಟುವವರು ಬೇರೆ ಯಾರಿದ್ದರು?

ಎದುರು ಮನೆಯ ಹಾಲಮ್ಮ ಬಂದು ಅಂಗಳದಲ್ಲಿ ನಿಂತರು.

"ಏನ್ ಮೇಷ್ಟ್ರೇ, ತಯಾರಿ ಭಾರಿ ಜೋರೈತಲ್ಲ! ಸರೋಜಮ್ಮಗೆ ಗೊತ್ತೈತಾ?"

"ಇಲ್ಲ ಹಾಲಮ್ಮಾರೇ. ಎಲ್ಲಾ ಮುಗಿದ ಮ್ಯಾಲೆ ಗೊತ್ತಾಗ್ಲಿ ಅಂತ ಸುಮ್ನಿದೀನಿ."

"ಅಯ್ಯೋ ಶಿವನೇ! ಈ ವಯಸ್ನಾಗೆ ಇದೆಲ್ಲ ಬೇಕಿತ್ತಾ ನಿಮಗೆ?"

"ಈ ವಯಸ್ನಾಗೇ ಬೇಕಾಗೋದು! ಎಷ್ಟು ದಿನ ಅಂತ ಒಬ್ನೇ ಬೇಯಾಕೆ ಆಗ್ತೈತೆ?"

"ಸರೋಜಮ್ಮ ಬಂದು ಜಗಳ ತೆಗದ್ರೆ?"

"ಒಂದ್ಸಲ ಒಳಗೆ ಬಂದು ನೋಡ್ಲಿ, ಅವಳೇ ಖುಷಿ ಪಡ್ತಾಳೆ!"

ಹಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಡೆದುಬಿಟ್ಟರು. ನನ್ನ ವಿಜ್ಞಾನಕ್ಕೆ ಬೆರಗಾದರು ಎಂದುಕೊಂಡೆ.

ಅಂದು ಸಂಜೆ ಬೀದಿಯ ಹಿರಿಯರು ಒಬ್ಬೊಬ್ಬರಾಗಿ ಬಂದು ನೆರಳಲ್ಲಿ ಕೂತರು. ನಾನು ಮಜ್ಜಿಗೆ ಕೊಟ್ಟೆ. ಎಷ್ಟೋ ದಿನಗಳ ಮೇಲೆ ಮನೆಯ ಮುಂದೆ ನಾಲ್ಕು ಜನರ ದನಿ ಕೇಳಿ ಜೀವಕ್ಕೆ ಹಿತವಾಯಿತು. "ಊಟಕ್ಕೆ ಎಷ್ಟು ಜನ ಆಗಬಹುದು ಮೇಷ್ಟ್ರೇ?" ಎಂದು ಒಬ್ಬರು ಕೇಳಿದರು. "ನಾವಿಬ್ರೇ" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದುಹೋದರು.

ಮರುದಿನ ಮನೆ ಮುಂದೆ ಆಟೋ ನಿಂತಿತು. ಇಳಿದವಳು ಸರೋಜಾ! ಹಿಂದೆ ಅವಳ ಅಣ್ಣ ಬಸಣ್ಣ. ನಾನು ಹಲ್ಲು ಬಿಟ್ಟುಕೊಂಡು ಎದುರು ಹೋದೆ. ಅವಳು ನನ್ನನ್ನು ದಾಟಿ ಸೀದಾ ಒಳಗೆ ನುಗ್ಗಿ ಅಡುಗೆಮನೆ, ಬಚ್ಚಲು, ಮಂಚದ ಕೆಳಗೆ, ಎಲ್ಲ ನೋಡಿದಳು.

"ಎಲ್ಲಿ ಅವಳು?"

"ಯಾರು?"

"ನೀವು ಚಪ್ಪರ ಹಾಕಿ ಕಟ್ಕೊಳ್ಳಾಕೆ ಹೊಂಟಿರೋಳು! ಹಾಲಮ್ಮ ಎಲ್ಲಾ ಫೋನಾಗೆ ಹೇಳ್ಯಾರೆ!"

ನಾನು ಬೀದಿಗೆ ಓಡಿ ನಿಂತು ಮನೆಯನ್ನು ನೋಡಿದೆ. ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು, ಅಂಗಳಕ್ಕೆ ಹಸಿರು ಚಪ್ಪರ, ಬಾಗಿಲಿಗೆ ಬಾಳೆ. ಅಯ್ಯಯ್ಯೋ! ವಾಲಗದವರೊಬ್ಬರು ಬಂದಿರಲಿಲ್ಲ, ಅಷ್ಟೇ!

ಕಪ್ಪು, ಬಿಳಿ, ಶಾಖ, ನೆರಳು ಎಂದು ತೊದಲುತ್ತ ಎಲ್ಲ ವಿವರಿಸಿದೆ. ಬಸಣ್ಣ ನಗುತ್ತ ನಗುತ್ತ ಜಗುಲಿಯ ಮೇಲೆ ಕೂತೇಬಿಟ್ಟ. "ನಾನು ದಾರಿ ತುಂಬ ಹೇಳ್ಕೊಂತಾನೇ ಬಂದೆ ಮೇಷ್ಟ್ರೇ, ನಿಮಗೆ ಇನ್ನೊಂದು ಹೆಣ್ಣು ಯಾರು ಕೊಡ್ತಾರೆ ಅಂತ!" ಸರೋಜಾ ನಗಲಿಲ್ಲ. ಕಣ್ಣು ಒರೆಸಿಕೊಂಡಳು. ಅಷ್ಟು ದೂರ ಹೆದರಿಕೊಂಡು ಬಂದಿದ್ದಳಲ್ಲ ಎಂದು ನನಗೆ ಅಯ್ಯೋ ಎನಿಸಿತು. ಒಳಗೊಳಗೇ ಸಂತೋಷವೂ ಆಯಿತು.

ಅವಳು ಗೋಡೆಗೆ ಕೈಯಿಟ್ಟು "ತಂಪೈತೆ ಕಣ್ರಿ" ಎಂದಳು. ಅನ್ನ ಸಾರು ಮಾಡಿದಳು. ಮೂವರೂ ಮಾತಾಡುತ್ತ ಉಂಡೆವು. ಗೆದ್ದೆ ಎಂದುಕೊಂಡೆ. ಕೈ ತೊಳೆದು ಬರುವಷ್ಟರಲ್ಲಿ ಅವಳು ಚೀಲ ಹಿಡಿದು ನಿಂತಿದ್ದಳು.

"ಮತ್ತೆ ಹೊಂಟ್ಯಾ? ಇರು ಮಾರಾಯ್ತಿ. ನೀನು ಒಬ್ಳೇ ಕೂತ್ರೂ ಫ್ಯಾನು ಹಾಕ್ತೀನಿ. ನನಗೆ ಒಬ್ನೇ ಇರಾಕೆ ಆಗಲ್ಲ."

ಅವಳ ದನಿ ಮೆತ್ತಗಾಯಿತು.

"ಗೊತ್ತೈತೆ ರೀ. ಆದ್ರೆ ಈ ವರ್ಷದ ಹಪ್ಪಳ ಸಂಡಿಗೆ ಹಾಕಬೇಕಲ್ಲ. ಅಂಗಳದ ತುಂಬ ನೆರಳು ಮಾಡಿಟ್ಟೀರಿ, ತಾರಸಿ ತುಂಬ ಸುಣ್ಣ ಸುರಿದೀರಿ. ಇಲ್ಲಿ ಎಲ್ಲಿ ಒಣಗಿಸ್ಲಿ? ಅಲ್ಲಾದ್ರೆ ಒಳ್ಳೆ ಬಿಸಿಲೈತೆ. ಅದೂ ಅಲ್ದೆ, ನಿಮ್ಮನ್ನ ಒಬ್ರನ್ನೇ ಬಿಟ್ರೆ ಏನೂ ಭಯ ಇಲ್ಲ ಅಂತ ಈಗ ಖಾತ್ರಿ ಆತು!"

ಅಣ್ಣ ತಂಗಿ ಹತ್ತಿದ ಆಟೋ ಬಸ್‌ಸ್ಟ್ಯಾಂಡಿನ ಕಡೆ ತಿರುಗಿತು. ಚಪ್ಪರದ ಗಳ ಹಿಡಿದು ನಿಂತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ನಿಂತು ಕೇಳಿದರು, "ಏನ್ರೀ ಮೇಷ್ಟ್ರೇ, ದಿಬ್ಬಣ ಇಷ್ಟು ಲಗೂನೇ ಹೊಂಟುಬಿಡ್ತಾ?"

"ಹೂಂ ಅಜ್ಜಾರೇ. ಮದುಮಗನ್ನ ಇಲ್ಲೇ ಬಿಟ್ಟು ಹೊಂಟಿತು!"

ಒಳಗೆ ಹೋಗಿ ಕೂತೆ. ಮನೆ ಎಷ್ಟು ತಂಪಾಗಿತ್ತೆಂದರೆ, ಒಂದು ಗಳಿಗೆಯೂ ಅಲ್ಲಿ ಇರಲಾಗಲಿಲ್ಲ.