ಮೊದಲು ತೊಟ್ಟಿಲು, ಆಮೇಲೆ ಕುಬಸ

ಸುಳ್ಳು ಹೇಳುವುದಕ್ಕೂ ಒಂದು ಲೋಕರೂಢಿ ಇದೆ. ಮೈ ನೆಟ್ಟಗಿರುವವನು ಜ್ವರವೆಂದು ಹೇಳಿ ರಜೆ ಹಾಕುತ್ತಾನೆ. ರಜೆ ಸಿಕ್ಕ ಮೇಲೆ ಹೊಲಕ್ಕೋ ಮದುವೆಗೋ ಹೋಗುತ್ತಾನೆ. ರಾಣೇಬೆನ್ನೂರಿನ ಒಂದು ಸರಕಾರಿ ಕಚೇರಿಯಲ್ಲಿ ಸಿಬ್ಬಂದಿಯ ರಜೆ ಅರ್ಜಿಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದುದರಿಂದ ಈ ಮಾತನ್ನು ತುಸು ಅಧಿಕಾರದಿಂದಲೇ ಹೇಳಬಲ್ಲೆ. ಮುಂಗಾರು ಬಿತ್ತನೆಯ ಹೊತ್ತಿಗೆ ನಮ್ಮ ಜವಾನರಿಗೆಲ್ಲ ಒಟ್ಟಿಗೇ ಹೊಟ್ಟೆ ಕೆಡುತ್ತಿತ್ತು. ಸುಗ್ಗಿ ಬಂತೆಂದರೆ ಸೊಂಟನೋವು. ವೈದ್ಯರ ಚೀಟಿ ತಂದವನ ಉಗುರಿನಲ್ಲಿ ಹೊಲದ ಎರೆಮಣ್ಣು ಇನ್ನೂ ಹಸಿಯಾಗಿರುತ್ತಿತ್ತು. ನಾನೂ ಹೊಲ ಬಿಟ್ಟು ಬಂದವರ ಮಗನೇ ಆದ್ದರಿಂದ ಕಣ್ಣು ಮುಚ್ಚಿ ಸಾಹೇಬರ ಸಹಿಗೆ ಕಳಿಸುತ್ತಿದ್ದೆ. ಆದರೆ ನಿಜವಾಗಿಯೂ ಕಾಯಿಲೆ ಬಿದ್ದವರು, ಹಾಸಿಗೆಯಲ್ಲಿ ಮಲಗಿಕೊಂಡೇ, "ಇಲ್ಲ, ನಾವು ಮದುವೆಗೆ ಹೋಗಿದ್ದೇವೆ" ಎಂದು ಹೇಳಿಕಳಿಸುವುದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಅಂಥ ತಲೆಕೆಳಗಾದ ಸುಳ್ಳು ನಮ್ಮ ಮನೆಯಲ್ಲಿ ಮಾತ್ರ ಹುಟ್ಟಿದ್ದೆಂದು ನಾನು ಬಹಳ ಕಾಲ ನಂಬಿದ್ದೆ.

ನಮ್ಮ ಮನೆ ಬ್ಯಾಡಗಿಯಲ್ಲಿ. ಆಗಿನ್ನೂ ನಾವೆಲ್ಲ ಧಾರವಾಡ ಜಿಲ್ಲೆಯವರು. ಮೆಣಸಿನಕಾಯಿ ವ್ಯಾಪಾರ ಶುರುವಾಯಿತೆಂದರೆ ಊರಿಗೆ ಹೊಸದಾಗಿ ಬಂದವರು ಬಸ್ಸಿನಿಂದ ಇಳಿಯುವ ಮೊದಲೇ ಸೀನುತ್ತಾರೆ. ನಾವು ಊರವರು ಸೀನನ್ನು ಸೀನೆಂದು ಎಣಿಸುವುದಿಲ್ಲ. ಉಸಿರಾಡುವುದರಲ್ಲಿ ಅದೂ ಒಂದು ಬಗೆ. ಚೀಲಗಳು ಬರುತ್ತವೆ, ಸುರಿಯುತ್ತಾರೆ, ತುಂಬುತ್ತಾರೆ, ಮನೆಮನೆಯ ಪಡಸಾಲೆಯಲ್ಲಿ ಹೆಂಗಸರು ಕೂತು ತೊಟ್ಟು ಬಿಡಿಸುತ್ತಾರೆ. ಘಾಟು ಬೀದಿ ತುಂಬಾ ಓಡಾಡುತ್ತದೆ. ಊರಿಗೆ ಅನ್ನ ಕೊಡುವ ಘಾಟನ್ನು ಬೈಯಬಾರದೆಂದು ನಮ್ಮ ಅವ್ವ ಹೇಳುತ್ತಿದ್ದಳು. ನಾವು ಬೈಯಲಿಲ್ಲ. ಆದರೆ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ನನ್ನ ಮಗಳು ಶಶಿಕಲಾಳ ಎದೆ ಮಾತ್ರ ಈ ಒಪ್ಪಂದಕ್ಕೆ ಸೇರಲಿಲ್ಲ. ಮಳೆಗಾಲದ ತಂಪಿಗೆ ಸ್ವಲ್ಪ, ಘಾಟಿಗೆ ಬಹಳ, ಅವಳಿಗೆ ಉಬ್ಬಸ ಬರುತ್ತಿತ್ತು. ನಮ್ಮ ಕಡೆ ಅದಕ್ಕೆ ದಮ್ಮು ಎನ್ನುತ್ತಾರೆ. ಬಂದ ದಿನ ಗೋಡೆಗೆ ದಿಂಬು ಆನಿಸಿಕೊಂಡು ಕೂತೇ ಇರಬೇಕು. ಇಳಿದ ಮರುದಿನ ಏನೂ ಆಗದವಳಂತೆ ಚೀಲ ಹೆಗಲಿಗೇರಿಸಿ ಶಾಲೆಗೆ ಓಡುತ್ತಿದ್ದಳು.

ಶಾಲೆಯಲ್ಲಿ ಒಂದು ಕಟ್ಟಳೆಯಿತ್ತು. ಹುಡುಗಿಯರು ಅಪ್ಪಂದಿರ ಸಹಿಯನ್ನು ಅಪ್ಪಂದಿರಿಗಿಂತ ಚೆನ್ನಾಗಿ ಮಾಡುವುದನ್ನು ಕಂಡುಕೊಂಡ ಮುಖ್ಯೋಪಾಧ್ಯಾಯಿನಿ, ಅಂದರೆ ಊರವರ ಬಾಯಲ್ಲಿ ದೊಡ್ಡಕ್ಕೋರು, ರಜೆ ಚೀಟಿಯನ್ನೇ ರದ್ದು ಮಾಡಿದ್ದರು. ಹುಡುಗಿ ಬಾರದ ದಿನ ಪ್ರಾರ್ಥನೆಯ ಗಂಟೆಗೆ ಮುಂಚೆ ಮನೆಯ ಹಿರಿಯರೊಬ್ಬರು ಖುದ್ದಾಗಿ ಬಂದು ಕಾರಣ ಹೇಳಬೇಕು. ನಾನು ಬೆಳಗಿನ ಬಸ್ಸಿಗೆ ರಾಣೇಬೆನ್ನೂರಿಗೆ ಹೋಗುವವನು. ಹೆಂಡತಿ ಗಿರಿಜಾ ಮಗಳ ಎದೆಗೆ ಎಣ್ಣೆ ತಿಕ್ಕುತ್ತಾ ಕೂತಿರುವವಳು. ಉಳಿದವಳು ಅವ್ವ. ಶಾಲೆಯ ಮೆಟ್ಟಿಲನ್ನೇ ಹತ್ತದಿದ್ದ ಅವ್ವನಿಗೆ ಈ ಕೆಲಸ ಬಹಳ ಹಿಡಿಸಿತು. ಸೆರಗು ಹೊದ್ದು, ಅಡಿಕೆ ಎಲೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ದೊಡ್ಡ ಪಂಚಾಯ್ತಿಗೆ ಹೊರಟವಳಂತೆ ಹೊರಡುತ್ತಿದ್ದಳು.

ಹೋಗಿ ಏನು ಹೇಳುತ್ತಿದ್ದಳೆಂಬುದು ನಮಗೆ ಮೊದಲ ಸಲವೇ ತಿಳಿಯಿತು. "ಐರಣಿಗೆ ಹೋಗ್ಯಾಳ, ನಮ್ಮ ಬಳಗದಾಗ ಮದುವಿ ಐತಿ ಅಂತ ಹೇಳಿ ಬಂದೆ" ಎಂದಳು. ಒಳಗೆ ಹುಡುಗಿಯ ಎದೆ ಸಿಳ್ಳೆ ಹಾಕುತ್ತಿತ್ತು.

"ಯಾಕವ್ವಾ, ಆರಾಮಿಲ್ಲ ಅಂತ ಖರೇ ಹೇಳಿದ್ರ ಏನಾಗ್ತಿತ್ತು?" ಎಂದೆ.

"ನಿನಗೇನು ತಿಳೀತೈತಿ? ದಮ್ಮು ಅಂತ ಬಾಯಿ ಬಿಟ್ಟು ಅಂದ್ರ ದಮ್ಮಿಗೂ ಕೇಳಿಸ್ತೈತಿ. ಅದು ಹೋಗ್ಲಿ, ಗಂಗವ್ವಗ ಕೇಳಿಸಿದ್ರ? ನಾಳೆ ಹುಡುಗಿ ಲಗ್ನದ ಮಾತು ಬಂದಾಗ, ಆಕಿಗೆ ದಮ್ಮು ಐತಿ ಅಂತ ಊರೂರಿಗೆ ಹೇಳಿ ಬರ್ತಾಳ."

ಗಂಗವ್ವ ನಮ್ಮ ಓಣಿಯ ಕೊನೆಯ ಮನೆಯಾಕೆ. ಸುತ್ತ ಹತ್ತೂರ ಗಂಡು ಹೆಣ್ಣುಗಳ ಜಾತಕ, ಹಲ್ಲು, ನಡಿಗೆ, ಎಲ್ಲವೂ ಆಕೆಯ ನಾಲಗೆಯ ತುದಿಯಲ್ಲಿ. ಆಕೆ ಕೂಡಿಸಿದ ಮದುವೆಗಳು ಎಷ್ಟೋ, ಮುರಿದವು ಅದಕ್ಕಿಂತ ಜಾಸ್ತಿ. ಮಗಳಿಗೆ ಮದುವೆ ಮಾಡುವ ಯೋಚನೆ ನನ್ನ ಕನಸಿನಲ್ಲೂ ಇರಲಿಲ್ಲ. ಅವಳು ಓದಬೇಕು, ಓದುವ ಹುಡುಗಿ. ಆದರೂ ಬಸ್ಸಿಗೆ ಹೊತ್ತಾಗುತ್ತಿತ್ತು. ಅವ್ವನ ಜೊತೆ ವಾದಿಸುವುದಕ್ಕಿಂತ ಬಸ್ಸು ಹಿಡಿಯುವುದು ಸುಲಭ ಅನಿಸಿತು.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಐರಣಿಯ ಮದುವೆ ಮುಗಿಯಿತು, ಮೇಡ್ಲೇರಿಯ ಮದುವೆ ಬಂತು. ಆಷಾಢದಲ್ಲಿ ಮದುವೆಗಳು ಒಣಗಿದಾಗ ಅವ್ವ ಕೂಸುಗಳ ತೊಟ್ಟಿಲಿಗೆ, ಕೂದಲು ತೆಗೆಸುವ ಜವಳಕ್ಕೆ ಇಳಿದಳು. ನಮ್ಮಲ್ಲಿ ಇನ್ನೊಂದು ರೂಢಿ ಇದೆ: ಸಮಾರಂಭಕ್ಕೆ ಹೋಗಿ ಬಂದವರು ಬರಿಗೈಯಲ್ಲಿ ಬರುವುದಿಲ್ಲ, ನಾಲ್ಕು ಉಂಡಿಯನ್ನಾದರೂ ತಂದು ಬೇಕಾದವರಿಗೆ ಹಂಚುತ್ತಾರೆ. ಮೊಮ್ಮಗಳು ಮದುವೆಗೆ ಹೋಗಿದ್ದಾಳೆಂದು ಹೇಳಿಬಂದ ಮೇಲೆ ಅಕ್ಕೋರುಗಳಿಗೆ ಮದುವೆಯ ಉಂಡಿ ಕಳಿಸದಿದ್ದರೆ ಹೇಗೆ? ಅವ್ವ ಒಲೆಯ ಮುಂದೆ ಕೂತು ಬುಂದಿ ಕರಿಯುತ್ತಿದ್ದಳು. ಎಣ್ಣೆಯ ಹೊಗೆ ಒಳಮನೆಗೆ ನುಗ್ಗುತ್ತಿತ್ತು, ಸಂಜೆಗೆ ಇಳಿಯಬೇಕಾದ ದಮ್ಮು ಇನ್ನೊಂದು ದಿನ ನಿಲ್ಲುತ್ತಿತ್ತು. ಹೀಗೆ ಒಂದು ದಿನದ ಮದುವೆ ಎರಡು ದಿನದ್ದಾಗುತ್ತಿತ್ತು. "ಅತ್ತೀ, ಹುಡುಗೀನ ದಮ್ಮು ಕೊಲ್ಲಂಗಿಲ್ರಿ, ನಿಮ್ಮ ಉಂಡಿ ಕೊಲ್ತಾವ" ಎಂದು ಗಿರಿಜಾ ಕೂಗಾಡಿದಳು. ಅವ್ವ ಜಾಯಿಕಾಯಿ ಇನ್ನಷ್ಟು ತೇಯ್ದಳು.

ವೈದ್ಯರ ಹತ್ತಿರ ಹೋಗುವುದೂ ಗುಟ್ಟಾಗಿಯೇ ನಡೆಯಬೇಕಿತ್ತು. ಊರ ದವಾಖಾನೆ ಬೇಡವೆಂದು ಅವ್ವ ಹಟ ಹಿಡಿದಳು. ಆದ್ದರಿಂದ ರವಿವಾರ ಹಾವೇರಿಗೆ ಹೋದೆವು. ಅಲ್ಲಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಮೊಮ್ಮಗಳನ್ನು ಕಟ್ಟಿಕೊಂಡು ಯಾರು ಕೂತಿರಬೇಕು? ಗಂಗವ್ವ! ಅವ್ವನ ಮುಖ ಬಿಳಿಚಿತು. ಆದರೆ ಗಂಗವ್ವನೇ ಮೊದಲು ಬಾಯಿ ಹಾಕಿದಳು: "ಅರಿವಿ ತಗೋಳಾಕ ಬಂದಿದ್ವಿ. ಬಿಸಿಲು ಅಂತ ಇಲ್ಲೇ ಒಂದೀಟು ಕುಂತೇವಿ." ಅವ್ವನೂ, "ನಾವೂ ಅರಿವಿಗೇ ಬಂದೇವಿ" ಎಂದಳು. ಇಬ್ಬರೂ ಬಿಸಿಲಿನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಮೋಡ ಕವಿದ ದಿನ ಅದು. ನನಗೆ ಆಗಲಾದರೂ ತಲೆಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ವೈದ್ಯರು ಒಳ್ಳೆಯವರು; ಆಮೇಲೂ ಹೋದಾಗಲೆಲ್ಲ ತಾರೀಖು ಹಾಕಿ ಔಷಧದ ಚೀಟಿ ಬರೆದುಕೊಟ್ಟರು. ಗಿರಿಜಾ ಅವನ್ನೆಲ್ಲ ಅಕ್ಕಿಯ ಡಬ್ಬಿಯ ಮುಚ್ಚಳದಡಿ ಜೋಪಾನ ಮಾಡಿದಳು.

ಸಂಕ್ರಾಂತಿ ಮುಗಿದು ಪರೀಕ್ಷೆ ಹತ್ತಿರವಾದಾಗ ಶಶಿಕಲಾ ಒಂದು ಸಂಜೆ ಅಳುತ್ತಾ ಮನೆಗೆ ಬಂದಳು. ಹಾಜರಿ ಸಾಲದ ಹುಡುಗಿಯರ ಹೆಸರನ್ನು ಪ್ರಾರ್ಥನೆಯಲ್ಲಿ ಓದಿದ್ದರು. ಅವಳ ಹೆಸರೂ ಇತ್ತು. ಹಾಜರಿ ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕೂರದಿದ್ದರೆ ಒಂದು ವರ್ಷ ಹೋಯಿತು. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿಯನ್ನು ಮತ್ತೆ ಶಾಲೆಗೆ ಕಳಿಸುವ ಮನೆಗಳು ನಮ್ಮ ಬಳಗದಲ್ಲಿ ಇರಲಿಲ್ಲ. ಗಣಿತದಲ್ಲಿ ತರಗತಿಗೇ ಮೊದಲಿಗಳಾದ ಹುಡುಗಿ.

ಮರುದಿನ ನಾನು ಬಸ್ಸು ಬಿಟ್ಟು ಶಾಲೆಗೆ ಹೋದೆ. ದೊಡ್ಡಕ್ಕೋರು ಘಾಟಿಗೆ ಸೆರಗಿನ ತುದಿಯನ್ನು ಮೂಗಿಗೆ ಹಿಡಿದುಕೊಂಡೇ ಮಾತಾಡಿದರು. "ಕಾಯಿಲಿ ಬಿದ್ದವರಿಗೆ ಮಾಫಿ ಐತ್ರಿ. ತೊಟ್ಟಿಲಿಗೆ, ಮದುವಿಗೆ ಓಡಾಡಿದವರಿಗೆ ಇಲ್ಲ. ನಿಮ್ಮ ಮನಿಯಾಗ ವರ್ಷಕ್ಕ ಎಷ್ಟು ಮದುವಿ ಆಗ್ತಾವ್ರಿ?"

ನಾನು ವೈದ್ಯರ ಚೀಟಿಗಳನ್ನು ಮುಂದಿಟ್ಟು, ಹುಡುಗಿ ಎಲ್ಲಿಗೂ ಹೋಗಿರಲಿಲ್ಲ, ದಮ್ಮು ಬಂದು ಮನೆಯಲ್ಲೇ ಇದ್ದಳು ಎಂದೆ. ಅವರು ಚೀಟಿಗಳನ್ನೂ ನೋಡಿದರು, ನನ್ನನ್ನೂ ನೋಡಿದರು. "ನೀವು ಕಚೇರಿಯವರು. ಚೀಟಿ ಹೊಂದಿಸೋದು ನಿಮಗೇನು ದೊಡ್ಡದಲ್ಲ. ನಿಮ್ಮ ತಾಯಿಯವರು ಬಂದು ಹೇಳಿದ್ದು ನನಗ ನೆನಪೈತಿ. ಐರಣಿಯಾಗ ನಿಮ್ಮ ಕಾಕಾನ ಸೊಸಿಗೆ ದೀಪಾವಳಿ ಆದಮ್ಯಾಲೆ ತೊಟ್ಟಿಲಾತು. ಅದ ಸೊಸಿಗೆ ಸಂಕ್ರಾಂತಿ ಮುಂದ ಕುಬಸ ಆತು. ಮೊದಲು ಕೂಸು, ಆಮ್ಯಾಲೆ ಬಸುರೇನ್ರಿ?"

ಚೊಚ್ಚಲ ಬಸುರಿಗೆ ಮಾಡುವುದು ಕುಬಸ. ಹುಟ್ಟಿದ ಮೇಲೆ ಮಗುವಿಗೆ ಮಾಡುವುದು ತೊಟ್ಟಿಲು. ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆ ಆಗುವುದಿಲ್ಲವೆಂಬುದನ್ನು ಅಷ್ಟು ಚೆನ್ನಾಗಿ ನೆನಪಿಟ್ಟ ಅವ್ವ, ಈ ಸಣ್ಣ ಕ್ರಮವನ್ನು ಮರೆತುಬಿಟ್ಟಿದ್ದಳು. ನಗು ಬಂತು, ಆದರೆ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಕಾರಣ ಹೇಳಿದವರ ಬಾಯಿಂದನ ಅದನ್ನ ತಿದ್ದಬೇಕು" ಎಂದರು ದೊಡ್ಡಕ್ಕೋರು. "ನಾಳೆ ಹಾಜರಿ ಸಾಲದ ಎಲ್ಲಾ ಹುಡುಗ್ಯಾರ ಮನಿಯವರನ್ನೂ ಕರೆಸೇನಿ. ನಿಮ್ಮ ತಾಯಿಯವರನ್ನ ಕರ್ಕೊಂಡು ಬರ್ರಿ."

ಮನೆಗೆ ಬಂದು ಹೇಳಿದೆ. ಅವ್ವ ಕಂಬಕ್ಕೆ ಒರಗಿ ಕೂತವಳು, "ನಾ ಒಲ್ಲೆ" ಎಂದಳು. ನಾಲ್ಕು ಜನರ ಮುಂದೆ, ಅದೂ ಗಂಗವ್ವನ ಮೊಮ್ಮಗಳು ಓದುವ ಶಾಲೆಯಲ್ಲಿ, ದಮ್ಮು ಎಂಬ ಮಾತನ್ನು ಆಡುವುದೆಂದರೆ ಹುಡುಗಿಯ ಹಣೆಬರಹವನ್ನು ಕೈಯಾರೆ ಅಳಿಸಿದಂತೆ ಎಂದು ಅವಳ ನಂಬಿಕೆ. ನಾನು ರೇಗಿದೆ, ಗಿರಿಜಾ ಕೈಮುಗಿದಳು, ಏನೂ ನಡೆಯಲಿಲ್ಲ. ಕೊನೆಗೆ ಶಶಿಕಲಾ ಅಜ್ಜಿಯ ಪಕ್ಕ ಹೋಗಿ ಕೂತಳು. ಅಜ್ಜಿಯನ್ನು ಅವಳು ಆಯಿ ಎಂದು ಕರೆಯುತ್ತಿದ್ದಳು.

"ಆಯಿ, ದಮ್ಮು ಬಂದ್ರ ನನಗ ಉಸುರಿಗಷ್ಟ ತ್ರಾಸು. ನೀ ನನ್ನ ಒಳಗ ಕೂಡಿಸಿ ಬಾಗಲಾ ಹಾಕ್ತೀಯಲ್ಲ, ಅವಾಗ ನಾ ಏನೋ ತಪ್ಪು ಮಾಡೇನಿ ಅನ್ನಿಸ್ತೈತಿ."

ಅವ್ವ ಮೊಮ್ಮಗಳ ಮುಖವನ್ನೇ ನೋಡಿದಳು. ಬೆಳಗ್ಗೆ ಎದ್ದು ನೋಡಿದರೆ ಸ್ನಾನ ಮಾಡಿ, ಟ್ರಂಕಿನ ಇಳಕಲ್ ಸೀರೆ ಉಟ್ಟು, ನನಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದಳು.

ಶಾಲೆಯ ಆಫೀಸಿನ ಕೋಣೆ ಹೆಂಗಸರಿಂದ ತುಂಬಿತ್ತು. ಒಬ್ಬೊಬ್ಬರನ್ನೇ ಕರೆದು ಗುಟ್ಟಾಗಿ ಕೇಳುವ ಪದ್ಧತಿ ನಮ್ಮೂರಿಗೆ ಇನ್ನೂ ಬಂದಿರಲಿಲ್ಲ. ಮುಂದಿನ ಬೆಂಚಿನ ನಟ್ಟನಡುವೆ ಗಂಗವ್ವ ಕೂತಿದ್ದಳು. ಮೊದಲ ಹೆಸರು ಶಶಿಕಲಾಳದೇ. ಅವ್ವ ಎದ್ದು ನಿಂತಳು. ಒಮ್ಮೆ ಗಂಗವ್ವನನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಎಲ್ಲಿ ಮತ್ತೊಂದು ಜವಳ ಹೊರಬೀಳುತ್ತದೋ ಎಂದು ನಾನು ಹೆದರಿದೆ.

"ಅಕ್ಕೋರ, ನಾ ಹೇಳಿದ್ದೆಲ್ಲಾ ಸುಳ್ಳು" ಎಂದಳು ಅವ್ವ. "ಮದುವಿನೂ ಇಲ್ಲ, ತೊಟ್ಟಿಲೂ ಇಲ್ಲ. ನನ್ನ ಮೊಮ್ಮಗಳಿಗೆ ದಮ್ಮು ಐತಿ. ಘಾಟು ಎದ್ರ ಉಸುರು ಹಿಡೀತೈತಿ. ಹೆಣ್ಣುಹುಡುಗಿ ಅಂತ ಮುಚ್ಚಿಟ್ಟೆ. ಆಕಿ ಶಾಣ್ಯಾ ಅದಾಳ್ರಿ. ಆಕೀಗೆ ಪರೀಕ್ಷಾ ಬರಿಯಾಕ ಬಿಡ್ರಿ."

ಹೊರಗೆ ಯಾರೋ ಸೀನಿದರು. ಆಮೇಲೆ ಗಂಗವ್ವ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಎದ್ದಳು.

"ನಮ್ಮ ಹುಡುಗಿಗೂ ಅದ ಐತ್ರಿ ಅಕ್ಕೋರ. ಕಾಗಿನೆಲಿಗೆ ಹೋಗ್ಯಾಳ ಅಂತ ನಾನ ಬಂದು ಹೇಳಿದ್ದೆ." ಮತ್ತೆ ಅವ್ವನ ಕಡೆ ತಿರುಗಿ, "ನಿನಗ ಗೊತ್ತಾದ್ರ ಓಣಿಗೆಲ್ಲಾ ಹೇಳ್ತೀ ಅಂತ ಅಂಜಿದ್ನೆವ್ವಾ" ಎಂದಳು.

ಅಲ್ಲಿಂದ ಕಟ್ಟೆ ಒಡೆಯಿತು. ಹಿಂದಿನ ಬೆಂಚಿನ ಒಬ್ಬಾಕೆಯ ಮಗಳು ಸೋದರಮಾವನ ಮನೆಗೆ ಹೋದದ್ದೆಲ್ಲ ದಮ್ಮು, ಇನ್ನೊಬ್ಬಾಕೆಯ ಮಗಳ ಗೃಹಪ್ರವೇಶಗಳೆಲ್ಲ ಕೆಮ್ಮು. ಒಬ್ಬರಿಗೊಬ್ಬರು ಹೆದರಿ, ಒಬ್ಬರಿಂದೊಬ್ಬರು ಮುಚ್ಚಿಟ್ಟು, ಇಡೀ ಊರೇ ವರ್ಷಪೂರ್ತಿ ಇಲ್ಲದ ಮದುವೆಗಳಿಗೆ ಓಡಾಡಿತ್ತು. ದೊಡ್ಡಕ್ಕೋರು ನಗಲು ಶುರುಮಾಡಿದವರು ನಿಲ್ಲಿಸಲಾರದೆ ಕಣ್ಣೊರೆಸಿಕೊಂಡರು. "ಈ ಊರಾಗ ರೋಗ ಅನ್ನೋದ ಇಲ್ಲ, ಬರೇ ಉಂಡಿ ಐತಿ ಅಂತ ನಾ ತಿಳ್ಕೊಂಡಿದ್ದೆ. ಮೊದಲ ದಿನಾನ ಖರೇ ಹೇಳಿದ್ರ ಆ ಹುಡುಗ್ಯಾರನ್ನ ಘಾಟು ಬರೋ ಕಿಟಕಿ ಬಿಟ್ಟು ಈ ಕಡೆ ಕುಂದ್ರಸ್ತಿದ್ದೆ." ಎಲ್ಲರೂ ವೈದ್ಯರ ಚೀಟಿ ತಂದುಕೊಡಬೇಕೆಂದರು. ಮಾಫಿಗೆ ತಾವೇ ಶಿಫಾರಸು ಬರೆಯುವುದಾಗಿಯೂ, ಹುಡುಗಿಯರು ಚಿಂತೆ ಬಿಟ್ಟು ಓದಿಕೊಳ್ಳಬೇಕೆಂದೂ ಹೇಳಿದರು.

ಬೆನ್ನ ಮೇಲಿನ ತುಂಬಿದ ಚೀಲ ಇಳಿಸಿದ ಹಮಾಲನಂತೆ ನಾನು ಗೋಡೆಗೆ ಒರಗಿದೆ. ಅವ್ವ ಆಗಲೇ ಗಂಗವ್ವನ ಪಕ್ಕ ಕೂತು, ಯಾರ ಮೊಮ್ಮಗಳ ದಮ್ಮು ದೊಡ್ಡದು ಎಂದು ವಾದಕ್ಕಿಳಿದಿದ್ದಳು. ನಮ್ಮದೇ ದೊಡ್ಡದೆಂದು ಅವಳ ಪಟ್ಟು. ಅಷ್ಟು ಹಗುರಾದ ಅವ್ವನನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ. ನನಗೂ ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು. ಮಗಳು ಪರೀಕ್ಷೆ ಬರೆಯುತ್ತಾಳೆ, ಇನ್ನೇನು ಬೇಕು?

ದೊಡ್ಡಕ್ಕೋರು ಪೆನ್ನು ತೆಗೆದು ನನ್ನನ್ನು ಕರೆದರು. "ಹುಡುಗಿ ಯಾವ ವಿಭಾಗ್ರಿ?"

"ಎ" ಎಂದೆ, ಧೈರ್ಯವಾಗಿ.

"ಬಿ ಅಲ್ಲೇನೋ?" ಎಂದಳು ಅವ್ವ, ಬೆಂಚಿನಿಂದಲೇ.

"ಆಕೀಗೆ ಗಣಿತ ಯಾರು ಕಲಸ್ತಾರ, ಗೊತ್ತೈತೇನ್ರಿ?" ಎಂದು ದೊಡ್ಡಕ್ಕೋರು ನನ್ನನ್ನೇ ಕೇಳಿದರು.

ನಾನು ಮೇಜಿನ ಮೇಲಿನ ಗಂಟೆಯನ್ನು ನೋಡುತ್ತಾ ನಿಂತೆ. ಆ ಕೋಣೆಯಲ್ಲಿ ಗಂಡಸೆಂದರೆ ನಾನೊಬ್ಬನೇ ಎಂಬುದು ಆಗಷ್ಟೇ ನನ್ನ ಗಮನಕ್ಕೆ ಬಂತು.

"ನಾನ ಕಲಸ್ತೇನ್ರಿ" ಎಂದರು ದೊಡ್ಡಕ್ಕೋರು. "ಹುಡುಗೀನ ಇಲ್ಲಿ ಹಚ್ಚಿದಮ್ಯಾಲೆ ನೀವು ಈ ಬಾಗಲಾ ದಾಟಿದ್ದು ನಿನ್ನೆನ ಮೊದಲು. ಆಕೀ ಹಾಜರಿಯಂತೂ ತಿದ್ದಿದ್ವಿ, ಆಕೀಗೆ ದಮ್ಮಿತ್ತು. ನಿಮ್ಮದಕ್ಕ ಏನು ಕಾರಣ ಬರೀಲಿ?"

ಎಲ್ಲ ಹೆಂಗಸರೂ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು. ಪೆನ್ನು ಕಾಯುತ್ತಿತ್ತು.

"ಬರೇ ಗೈರುಹಾಜರಿ ಅಂತ ಬರ್ಕೊಳ್ರಿ, ಅಕ್ಕೋರ" ಎಂದೆ.